ಸಂತ ಕತ್ಬರ್ಟರ ಸಮಾಧಿಯೂ ಡರ್ಹಾಮ್ ಧರ್ಮಕ್ಷೇತ್ರವೂ

ಮಾರ್ಚ್ 19ರಂದು ಸಂತ ಜೋಸೆಫರ ಹಬ್ಬವನ್ನು ಊರೆಲ್ಲಾ ಸೇರಿ ಆಚರಿಸುತ್ತೇವೆ. ಮಾರನೆಯ ದಿನ, ಅಂದರೆ ಮಾರ್ಚ್ 20ರಂದು ಬರುವ ಸಂತ ಕತ್ಬರ್ಟರ ಸ್ಮರಣೆ ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದೆಯೇ ಸರಿದುಹೋಗುತ್ತದೆ. ಇಂಗ್ಲೆಂಡಿನ ಉತ್ತರ ಭಾಗದ ಜನರಿಗಾದರೋ ಇವರು ಮನೆಯ ಹಿರಿಯರಿದ್ದಂತೆ. ಕಥೋಲಿಕರೂ ಆಂಗ್ಲಿಕನರೂ ಇಬ್ಬರೂ ಇವರನ್ನು 'ನಮ್ಮ ಕತ್ಬರ್ಟ್' ಎಂದೇ ಭಾವಿಸುತ್ತಾರೆ. ಇವರ ಸಮಾಧಿ ಇರುವುದು ಡರ್ಹಾಮ್ ನಗರದ ಆಂಗ್ಲಿಕನ್ ಪ್ರಧಾನಾಲಯದಲ್ಲಿ. ಆ ಸಮಾಧಿಯ ಸುತ್ತಲೇ ಒಂದು ಧರ್ಮಕ್ಷೇತ್ರ ಹುಟ್ಟಿತು, ಶ್ರೀಮಂತವಾಯಿತು, ಒಡೆಯಿತು, ಮತ್ತೆ ಎದ್ದು ನಿಂತಿತು. ಆ ಕಥೆಯನ್ನು ಈ ಸಂಚಿಕೆಯ ಓದುಗರೊಂದಿಗೆ ಹಂಚಿಕೊಳ್ಳುವ ಆಸೆ.

ಕಥೆ ಕತ್ಬರ್ಟರಿಗಿಂತ ಸ್ವಲ್ಪ ಮೊದಲೇ ಆರಂಭವಾಗುತ್ತದೆ. ಕ್ರಿ.ಶ. 635ರ ಸುಮಾರಿಗೆ ನಾರ್ತಂಬ್ರಿಯಾ ಎಂಬ ರಾಜ್ಯವನ್ನು ಓಸ್ವಾಲ್ಡ್ ಎಂಬ ಕ್ರೈಸ್ತ ಅರಸ ಆಳುತ್ತಿದ್ದ. ತನ್ನ ಪ್ರಜೆಗಳಿಗೆ ಶುಭಸಂದೇಶ ಸಾರಲು ಒಬ್ಬ ಧರ್ಮಾಧ್ಯಕ್ಷರನ್ನು ಕಳುಹಿಸಿಕೊಡಿ ಎಂದು ಆತ ಸ್ಕಾಟ್ಲೆಂಡಿನ ಅಯೋನಾ ದ್ವೀಪದ ಮಠಕ್ಕೆ ಬೇಡಿಕೆ ಸಲ್ಲಿಸಿದ. ಮೊದಲು ಬಂದವರು ಬಹಳ ಕಠಿಣ ಸ್ವಭಾವದವರು. ಈ ಜನ ಒರಟರು, ಇವರಿಗೆ ಕಲಿಸಲಾಗದು ಎಂದು ಹೇಳಿ ಹಿಂದಿರುಗಿಬಿಟ್ಟರು. ಅವರ ವರದಿ ಕೇಳಿದ ಮಠದ ಸಭೆಯಲ್ಲಿ ಏಡನ್ ಎಂಬ ಸನ್ಯಾಸಿ ಎದ್ದುನಿಂತು, ಹಸುಗೂಸಿಗೆ ಮೊದಲು ಹಾಲುಣಿಸಬೇಕಲ್ಲವೇ, ನೀವು ಮೊದಲ ದಿನವೇ ಗಟ್ಟಿ ಆಹಾರ ಕೊಟ್ಟಿರಿ ಎಂಬರ್ಥದ ಮಾತನ್ನು ಮೃದುವಾಗಿ ಹೇಳಿದರಂತೆ. ಮಾತನಾಡಿದವರನ್ನೇ ಕೆಲಸಕ್ಕೆ ಕಳುಹಿಸುವ ರೂಢಿ ಆಗಲೂ ಇತ್ತೆಂದು ಕಾಣುತ್ತದೆ! ಸಭೆ ಅವರನ್ನೇ ಧರ್ಮಾಧ್ಯಕ್ಷರನ್ನಾಗಿ ಆರಿಸಿ ಕಳುಹಿಸಿತು.

ಏಡನ್ ಸಮುದ್ರದ ಅಂಚಿನ ಲಿಂಡಿಸ್‌ಫಾರ್ನ್ ಎಂಬ ಪುಟ್ಟ ದ್ವೀಪದಲ್ಲಿ ಮಠ ಕಟ್ಟಿದರು. ಆ ನಾಡಿನ ಭಾಷೆ ಅವರಿಗೆ ಚೆನ್ನಾಗಿ ಬರುತ್ತಿರಲಿಲ್ಲ. ಅವರು ಪ್ರಬೋಧನೆ ಮಾಡುವಾಗ ಅರಸ ಓಸ್ವಾಲ್ಡನೇ ಪಕ್ಕದಲ್ಲಿ ನಿಂತು ತನ್ನ ಜನರಿಗೆ ಅನುವಾದಿಸಿ ಹೇಳುತ್ತಿದ್ದ. ಊರಿಂದೂರಿಗೆ ನಡೆದೇ ಹೋಗುತ್ತಿದ್ದ ಅವರಿಗೆ ಮುಂದೆ ಓಸ್ವಿನ್ ಎಂಬ ಇನ್ನೊಬ್ಬ ಅರಸ ಒಳ್ಳೆಯ ಕುದುರೆಯೊಂದನ್ನು ಕೊಟ್ಟ. ದಾರಿಯಲ್ಲಿ ಭಿಕ್ಷುಕನೊಬ್ಬ ಕೈಚಾಚಿದಾಗ ಏಡನ್ ಜೀನು ಸಮೇತ ಕುದುರೆಯನ್ನೇ ಕೊಟ್ಟುಬಿಟ್ಟರು. ಅರಸನಿಗೆ ಸಿಟ್ಟು ಬಂತು. ಆ ಬಡವನೂ ದೇವರ ಮಗುವಲ್ಲವೇ, ಕುದುರೆಯ ಮರಿ ಅವನಿಗಿಂತ ಹೆಚ್ಚೇ ಎಂದು ಏಡನ್ ಕೇಳಿದಾಗ ಅರಸ ಅವರ ಪಾದಕ್ಕೆರಗಿ ಕ್ಷಮೆ ಬೇಡಿದ. ಈ ಘಟನೆಗಳನ್ನೆಲ್ಲ ನಮಗೆ ಉಳಿಸಿಕೊಟ್ಟವರು ಜ್ಯಾರೊ ಮಠದ ಸನ್ಯಾಸಿ ಸಂತ ಬೀಡ್. 731ರಲ್ಲಿ ಆಂಗ್ಲ ಜನಾಂಗದ ಧರ್ಮಸಭೆಯ ಇತಿಹಾಸವನ್ನು ಬರೆದು ಮುಗಿಸಿದ ಇವರನ್ನು 1899ರಲ್ಲಿ ಪೋಪ್ ಹದಿಮೂರನೆಯ ಲಿಯೋ ಶ್ರೀಸಭೆಯ ಧರ್ಮಪಂಡಿತರೆಂದು ಸಾರಿದರು. ಈ ಕುದುರೆಯ ಕಥೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಏಡನ್‌ರ ಪೀಠದಲ್ಲಿ ಮುಂದೆ ಕುಳಿತವರ ಲಾಯಗಳಲ್ಲಿ ಕುದುರೆಗಳಿಗೆ ಕೊರತೆಯೇ ಇರಲಿಲ್ಲ.

ಏಡನ್ 651ರ ಆಗಸ್ಟ್ 31ರಂದು ತೀರಿಕೊಂಡರು. ಆ ರಾತ್ರಿ ಬೆಟ್ಟದಲ್ಲಿ ಕುರಿ ಕಾಯುತ್ತಿದ್ದ ಯುವಕನೊಬ್ಬ ದೇವದೂತರು ಒಂದು ಆತ್ಮವನ್ನು ಸ್ವರ್ಗಕ್ಕೆ ಒಯ್ಯುವ ದರ್ಶನ ಕಂಡನೆಂದು ಬೀಡ್ ಬರೆಯುತ್ತಾರೆ. ಆ ಯುವಕನೇ ಕತ್ಬರ್ಟ್. ಮಠ ಸೇರಿ, ಲಿಂಡಿಸ್‌ಫಾರ್ನ್ ಮಠದ ಹಿರಿಯರಾಗಿ, ಕೊನೆಗೆ ಇನ್ನರ್ ಫಾರ್ನ್ ಎಂಬ ಬಂಡೆಯಂಥ ದ್ವೀಪದಲ್ಲಿ ಏಕಾಂತವಾಸ ಹಿಡಿದರು. 685ರಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಿ ಧರ್ಮಾಧ್ಯಕ್ಷರನ್ನಾಗಿ ಮಾಡಲಾಯಿತು. ಎರಡೇ ವರ್ಷ ಊರೂರು ಸುತ್ತಿ ಸೇವೆ ಮಾಡಿ, ಸಾವು ಹತ್ತಿರವಾಯಿತೆಂದು ತಿಳಿದಾಗ ಮತ್ತೆ ಅದೇ ದ್ವೀಪಕ್ಕೆ ಹೋಗಿ 687ರ ಮಾರ್ಚ್ 20ರಂದು ಪ್ರಾಣಬಿಟ್ಟರು. ಹನ್ನೊಂದು ವರ್ಷಗಳ ನಂತರ ಸನ್ಯಾಸಿಗಳು ಸಮಾಧಿ ತೆರೆದಾಗ ಶರೀರ ಕೆಡದೆ ಹಾಗೆಯೇ ಇತ್ತು. ಯಾತ್ರಿಕರು ಬರತೊಡಗಿದರು. ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ, ಬಣ್ಣಬಣ್ಣದ ಚಿತ್ತಾರದ ಲಿಂಡಿಸ್‌ಫಾರ್ನ್ ಶುಭಸಂದೇಶ ಗ್ರಂಥ ಕ್ರಿ.ಶ. 700ರ ಆಸುಪಾಸಿನಲ್ಲಿ ಈ ಮಠದಲ್ಲೇ ತಯಾರಾಯಿತು.

793ರ ಜೂನ್ 8ರಂದು ವೈಕಿಂಗ್ ದರೋಡೆಕೋರರು ಹಡಗುಗಳಲ್ಲಿ ಬಂದು ಮಠವನ್ನು ಸೂರೆಗೈದರು. ಆದರೂ ಸನ್ಯಾಸಿಗಳು ಎಂಬತ್ತು ವರ್ಷಗಳ ಕಾಲ ಅಲ್ಲಿಯೇ ಹಿಡಿದು ನಿಂತರು. 875ರಲ್ಲಿ ಮಾತ್ರ ಇನ್ನು ಸಾಧ್ಯವಿಲ್ಲವೆನಿಸಿ, ಕತ್ಬರ್ಟರ ಶವಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಹೊರಟರು. ಏಳು ವರ್ಷ ಕಾಡುಮೇಡು ಅಲೆದರು. ಧರ್ಮಾಧ್ಯಕ್ಷರೂ ಅವರೊಂದಿಗೇ ಇದ್ದರು, ಹಾಗಾಗಿ ಧರ್ಮಪೀಠವೂ ಆ ಪೆಟ್ಟಿಗೆಯ ಹಿಂದೆ ಹಿಂದೆಯೇ ನಡೆಯಿತೆನ್ನಬೇಕು. ಚೆಸ್ಟರ್-ಲಿ-ಸ್ಟ್ರೀಟ್ ಎಂಬಲ್ಲಿ ನೂರಕ್ಕೂ ಹೆಚ್ಚು ವರ್ಷ ನೆಲೆಸಿ, ಕೊನೆಗೆ 995ರಲ್ಲಿ ವಿಯರ್ ನದಿ ಮೂರು ಕಡೆ ಸುತ್ತುವರಿದ ಗುಡ್ಡವೊಂದರ ಮೇಲೆ ಇಳಿದರು. ಅದೇ ಡರ್ಹಾಮ್. ಕಳೆದುಹೋದ ಹಸುವನ್ನು ಹುಡುಕುತ್ತಿದ್ದ ಹೆಂಗಸೊಬ್ಬಳು ಆ ಗುಡ್ಡದ ದಾರಿ ತೋರಿಸಿದಳೆಂದು ಐತಿಹ್ಯವಿದೆ. ಪ್ರಧಾನಾಲಯದ ಹೊರಗೋಡೆಯಲ್ಲಿ ಆ ಹಸುವಿನ ಕಲ್ಲಿನ ಕೆತ್ತನೆಯನ್ನು ಇಂದಿಗೂ ಕಾಣಬಹುದು.

ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಇಲ್ಲಿನ ಧರ್ಮಾಧ್ಯಕ್ಷರ ಸ್ಥಾನಮಾನವೇ ಬದಲಾಯಿತು. ಸ್ಕಾಟ್ಲೆಂಡಿನ ಗಡಿ ಹತ್ತಿರ. ರಾಜನಿರುವುದು ದೂರದ ದಕ್ಷಿಣದಲ್ಲಿ. ಗಡಿ ಕಾಯಲು ನಂಬಿಕಸ್ಥನೊಬ್ಬ ಬೇಕು. ಅವನಿಗೆ ಮಕ್ಕಳಿರದಿದ್ದರೆ ಇನ್ನೂ ಒಳ್ಳೆಯದು, ಅಧಿಕಾರ ವಂಶಪಾರಂಪರ್ಯವಾಗಿ ಬೇರೂರುವುದಿಲ್ಲ. ಹೀಗೆ ಡರ್ಹಾಮಿನ ಧರ್ಮಾಧ್ಯಕ್ಷರು ರಾಜಧರ್ಮಾಧ್ಯಕ್ಷರಾದರು. ಅವರಿಗೆ ಸ್ವಂತ ನ್ಯಾಯಾಲಯ, ಸ್ವಂತ ತೆರಿಗೆ, ಸ್ವಂತ ಸೈನ್ಯ, ಸ್ವಂತ ಟಂಕಸಾಲೆ ಎಲ್ಲವೂ ಇದ್ದವು. 1670ರ ದಶಕದವರೆಗೂ ಆ ಜಿಲ್ಲೆಯಿಂದ ಸಂಸತ್ತಿಗೆ ಒಬ್ಬ ಪ್ರತಿನಿಧಿಯೂ ಹೋಗುತ್ತಿರಲಿಲ್ಲವೆಂದರೆ ಆ ಅಧಿಕಾರದ ಅಳತೆ ತಿಳಿಯುತ್ತದೆ.

1083ರಲ್ಲಿ ಧರ್ಮಾಧ್ಯಕ್ಷ ವಿಲಿಯಂ ಅವರು ಬೆನೆಡಿಕ್ಟಿನ್ ಸನ್ಯಾಸಿಗಳನ್ನು ಕರೆತಂದು ಸಮಾಧಿಯ ಹೊಣೆಯನ್ನು ಅವರಿಗೆ ವಹಿಸಿದರು. 1093ರಲ್ಲಿ ಈಗಿನ ಪ್ರಧಾನಾಲಯಕ್ಕೆ ಅಡಿಗಲ್ಲು ಬಿತ್ತು. 1104ರಲ್ಲಿ ಕತ್ಬರ್ಟರ ಅವಶೇಷಗಳನ್ನು ಬಲಿಪೀಠದ ಹಿಂದಿನ ಗುಡಿಗೆ ತರಲಾಯಿತು. ನಲವತ್ತೇ ವರ್ಷಗಳಲ್ಲಿ ಬಹುತೇಕ ಮುಗಿದ ಆ ಕಟ್ಟಡದ ಕಲ್ಲಿನ ಕಮಾನು ಛಾವಣಿ ಯುರೋಪಿನ ವಾಸ್ತುಶಿಲ್ಪಕ್ಕೆ ಹೊಸ ದಾರಿ ತೋರಿತು. 1986ರಲ್ಲಿ ಕೋಟೆಯೊಂದಿಗೆ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಹದಿನಾಲ್ಕನೆಯ ಶತಮಾನದ ಧರ್ಮಾಧ್ಯಕ್ಷ ಹ್ಯಾಟ್‌ಫೀಲ್ಡ್ ಅವರು ತಮ್ಮ ಸಮಾಧಿಯ ಮೇಲೆಯೇ ಎತ್ತರದ ಸಿಂಹಾಸನವೊಂದನ್ನು ಕಟ್ಟಿಸಿದರು. ಕುದುರೆ ದಾನ ಮಾಡಿದ ಏಡನ್ ಅದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ಈಗ ನೋವಿನ ಅಧ್ಯಾಯಕ್ಕೆ ಬರೋಣ. ಎಂಟನೆಯ ಹೆನ್ರಿ ರೋಮಿನೊಂದಿಗಿನ ಸಂಬಂಧವನ್ನು ಕಡಿದುಕೊಂಡಾಗ ಡರ್ಹಾಮಿನ ಧರ್ಮಾಧ್ಯಕ್ಷರಾಗಿದ್ದವರು ಕತ್ಬರ್ಟ್ ಟನ್‌ಸ್ಟಾಲ್. ಸಂತ ಥಾಮಸ್ ಮೋರ್ ಮತ್ತು ಎರಾಸ್ಮಸ್ ಇವರ ಸ್ನೇಹಿತರು. ಗೆಳೆಯ ಮೋರ್ ಪ್ರಾಣವನ್ನೇ ಕೊಟ್ಟರು. ಟನ್‌ಸ್ಟಾಲ್ ಅರಸನ ಅಧಿಕಾರಕ್ಕೆ ತಲೆಬಾಗಿದರು. ಇದನ್ನು ಮುಚ್ಚಿಡಬೇಕಾಗಿಲ್ಲ. ಅರಸನ ಆಯುಕ್ತರು ಬಂದು ಕತ್ಬರ್ಟರ ಗುಡಿಯ ಚಿನ್ನ, ರತ್ನಗಳನ್ನು ಕಿತ್ತರು. ಪೆಟ್ಟಿಗೆಯನ್ನು ಸುತ್ತಿಗೆಯಿಂದ ಒಡೆದಾಗ ಒಳಗೆ ಬರಿಯ ಮೂಳೆಗಳನ್ನು ನಿರೀಕ್ಷಿಸಿದ್ದವರಿಗೆ ಗಡ್ಡ ಬೆಳೆದ ಇಡೀ ಶರೀರ ಕಂಡಿತೆಂದೂ ಸುತ್ತಿಗೆಯ ಪೆಟ್ಟಿಗೆ ಸಂತರ ಕಾಲು ಮುರಿಯಿತೆಂದೂ ಆ ಶತಮಾನದ ಕೊನೆಯಲ್ಲಿ ಬರೆದಿಟ್ಟ ನೆನಪುಗಳು ಹೇಳುತ್ತವೆ. ಏನು ಮಾಡುವುದೆಂದು ತೋಚದೆ ಅವರು ಲಂಡನ್ನಿನ ಅಪ್ಪಣೆಗೆ ಕಾದರು. ಕೊನೆಗೆ ಗುಡಿಯಿದ್ದ ಜಾಗದಲ್ಲೇ ನೆಲದಡಿ ಹೂಳಲಾಯಿತು.

1539ರ ಡಿಸೆಂಬರ್ 31ರಂದು ಮಠ ಮುಚ್ಚಿತು. 1541ರಲ್ಲಿ ಅದೇ ಪ್ರಧಾನಾಲಯವನ್ನು ಒಬ್ಬ ಡೀನ್ ಮತ್ತು ಹನ್ನೆರಡು ಮಂದಿ ಕ್ಯಾನನ್‌ಗಳ ಮಂಡಳಿಯಾಗಿ ಹೊಸದಾಗಿ ಸ್ಥಾಪಿಸಿದರು. ಮೊದಲ ಡೀನ್ ಯಾರು ಗೊತ್ತೇ? ಮುಚ್ಚಿದ ಮಠದ ಕೊನೆಯ ಮುಖ್ಯಸ್ಥರಾಗಿದ್ದ ಹ್ಯೂ ವೈಟ್‌ಹೆಡ್. ನಿನ್ನೆಯ ಸನ್ಯಾಸಿಗಳಲ್ಲಿ ಹಲವರು ಇಂದಿನ ಕ್ಯಾನನ್‌ಗಳಾದರು. ಭಕ್ತಾದಿಗಳ ಕಣ್ಣಿಗೆ ಅದೇ ಮುಖಗಳು, ಅದೇ ಕಂಬಗಳು. ಬದಲಾವಣೆ ಎಷ್ಟು ಆಳವಾದದ್ದೆಂದು ಅರಿವಾಗಲು ಒಂದು ತಲೆಮಾರೇ ಬೇಕಾಯಿತು. ಟನ್‌ಸ್ಟಾಲ್‌ರನ್ನು ಬಾಲಕ ಅರಸ ಆರನೆಯ ಎಡ್ವರ್ಡನ ಕಾಲದಲ್ಲಿ ಪದಚ್ಯುತಗೊಳಿಸಿ, ಧರ್ಮಕ್ಷೇತ್ರವನ್ನೇ ರದ್ದುಗೊಳಿಸುವ ಕಾಯಿದೆ ತಂದರು. ರಾಣಿ ಮೇರಿ ಅದನ್ನು ಹಿಂತೆಗೆದು ಅವರಿಗೆ ಪೀಠ ಮರಳಿಸಿದಳು. ಆಕೆಯ ಆಳ್ವಿಕೆಯಲ್ಲಿ ಬೇರೆಡೆ ಪ್ರಾಟೆಸ್ಟಂಟರನ್ನು ಸುಡುತ್ತಿದ್ದಾಗ ಟನ್‌ಸ್ಟಾಲ್‌ರ ಧರ್ಮಕ್ಷೇತ್ರದಲ್ಲಿ ಅಂಥ ಒಂದೂ ಚಿತೆ ಉರಿಯಲಿಲ್ಲ. 1559ರಲ್ಲಿ ರಾಣಿ ಎಲಿಜಬೆತ್ ಮತ್ತೆ ಪ್ರಮಾಣವಚನ ಕೇಳಿದಾಗ ಎಂಬತ್ತು ದಾಟಿದ ಆ ಮುದುಕರು ಈ ಬಾರಿ ಒಲ್ಲೆನೆಂದರು. ಪೀಠ ಹೋಯಿತು, ಅದೇ ನವೆಂಬರಿನಲ್ಲಿ ಬಂಧನದಲ್ಲೇ ತೀರಿಕೊಂಡರು. ಡರ್ಹಾಮಿನ ಕೊನೆಯ ಕಥೋಲಿಕ ಧರ್ಮಾಧ್ಯಕ್ಷರು ಇವರೇ.

ಹತ್ತು ವರ್ಷದ ಬಳಿಕ, 1569ರ ನವೆಂಬರ್ 14ರಂದು, ಉತ್ತರದ ಇಬ್ಬರು ಸಾಮಂತರು ಜನರೊಂದಿಗೆ ಪ್ರಧಾನಾಲಯಕ್ಕೆ ನುಗ್ಗಿ ಇಂಗ್ಲಿಷ್ ಪ್ರಾರ್ಥನಾ ಪುಸ್ತಕಗಳನ್ನು ಹರಿದು ಹಾಕಿದರು. ಕೆಲವು ದಿನ ಅಲ್ಲಿ ಮತ್ತೆ ಲತೀನ್ ಬಲಿಪೂಜೆ ನಡೆಯಿತು, ಜನ ಮೊಣಕಾಲೂರಿ ಪಾಪಕ್ಷಮೆ ಪಡೆದರು. ದಂಗೆ ಬೇಗನೆ ಮುರಿದುಬಿತ್ತು. ಸಾಮಂತರು ಗಡಿ ದಾಟಿ ಓಡಿದರೆ, ಹಳ್ಳಿಗಳ ನೂರಾರು ಬಡಪಾಯಿಗಳು ನೇಣುಗಂಬ ಏರಿದರು. ಸಾಮಂತರಲ್ಲೊಬ್ಬನಾದ ಥಾಮಸ್ ಪರ್ಸಿಯನ್ನು 1572ರಲ್ಲಿ ಯಾರ್ಕಿನಲ್ಲಿ ಶಿರಚ್ಛೇದ ಮಾಡಲಾಯಿತು. 1895ರಲ್ಲಿ ಶ್ರೀಸಭೆ ಅವರನ್ನು ಪುನೀತರೆಂದು ಘೋಷಿಸಿತು. ನೇಣಿಗೇರಿದ ರೈತರ ಹೆಸರಿನಲ್ಲಿ ಯಾವ ಹಬ್ಬವೂ ಇಲ್ಲ.

ಸಮಾಧಿಯನ್ನು 1827ರಲ್ಲಿ ಮತ್ತೊಮ್ಮೆ ತೆರೆದರು. ಅಸ್ಥಿಪಂಜರ, ಕೆತ್ತನೆಯ ಓಕ್ ಮರದ ಪೆಟ್ಟಿಗೆಯ ಚೂರುಗಳು, ಪುಟ್ಟ ಬಲಿಪೀಠ, ಬಾಚಣಿಗೆ, ಎದೆಯ ಮೇಲೆ ಕೆಂಪು ಹರಳಿನ ಚಿನ್ನದ ಶಿಲುಬೆ ದೊರೆತವು. ಇಂದು ಅಲ್ಲಿ ಲತೀನ್ ರೂಪದಲ್ಲಿ ಅವರ ಹೆಸರು ಮಾತ್ರ ಕೆತ್ತಿದ ಸಾದಾ ಕಲ್ಲಿದೆ. ಎದುರು ತುದಿಯ ಗುಡಿಯಲ್ಲಿ ಸಂತ ಬೀಡರ ಸಮಾಧಿ. 1850ರಲ್ಲಿ ಇಂಗ್ಲೆಂಡಿನಲ್ಲಿ ಕಥೋಲಿಕ ಧರ್ಮಕ್ಷೇತ್ರಗಳು ಮತ್ತೆ ಸ್ಥಾಪನೆಯಾದಾಗ ಆ ಭಾಗಕ್ಕೆ ಹೆಕ್ಸಾಮ್ ಹೆಸರಿನ ಧರ್ಮಕ್ಷೇತ್ರ ದೊರೆತು, 1861ರಿಂದ ಹೆಕ್ಸಾಮ್ ಮತ್ತು ನ್ಯೂಕಾಸಲ್ ಎಂದಾಯಿತು. ಹೀಗೆ ಒಂದೇ ನೆಲದಲ್ಲಿ, ಒಬ್ಬನೇ ಸಂತನ ನೆನಪಿನಲ್ಲಿ ಇಬ್ಬರು ಧರ್ಮಾಧ್ಯಕ್ಷರು. 1952ರಿಂದ 1956ರವರೆಗೆ ಡರ್ಹಾಮಿನ ಆಂಗ್ಲಿಕನ್ ಧರ್ಮಾಧ್ಯಕ್ಷರಾಗಿದ್ದ ಮೈಕೆಲ್ ರಾಮ್ಸೆ ಮುಂದೆ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾಗಿ 1966ರ ಮಾರ್ಚಿನಲ್ಲಿ ರೋಮಿಗೆ ಹೋದರು. ಸಂತ ಪೌಲರ ಮಹಾದೇವಾಲಯದ ಹೊರಗೆ ಪೋಪ್ ಆರನೆಯ ಪೌಲರು ತಮ್ಮ ಸ್ವಂತ ಉಂಗುರವನ್ನು ತೆಗೆದು ಅವರ ಬೆರಳಿಗೆ ತೊಡಿಸಿದರು. ರಾಮ್ಸೆ ಕಣ್ಣೀರಿಟ್ಟರಂತೆ.

ರಾಜಧರ್ಮಾಧ್ಯಕ್ಷರ ಅಧಿಕಾರವನ್ನು ಹೆನ್ರಿ ಮೊಟಕುಗೊಳಿಸಿದ್ದರೂ ಉಳಿದದ್ದು 1836ರಲ್ಲಷ್ಟೇ ಸಂಪೂರ್ಣ ಕೊನೆಗೊಂಡಿತು. ಕೊನೆಯವರಾದ ವ್ಯಾನ್ ಮಿಲ್ಡರ್ಟ್ ತಮ್ಮ ಕಾಲ ಮುಗಿಯುತ್ತಿದೆಯೆಂದು ಅರಿತು, 1832ರಲ್ಲಿ ಡರ್ಹಾಮ್ ವಿಶ್ವವಿದ್ಯಾಲಯದ ಸ್ಥಾಪನೆಗೆ ಧಾರಾಳವಾಗಿ ಹಣ ಕೊಟ್ಟರು. ಅವರ ನಂತರ ಕೋಟೆಯೂ ವಿದ್ಯಾರ್ಥಿಗಳದಾಯಿತು. ಹೊಸ ಧರ್ಮಾಧ್ಯಕ್ಷರಿಗೆ ವರ್ಷಕ್ಕೆ 8,000 ಪೌಂಡುಗಳ ಸಂಬಳ ನಿಗದಿಯಾಯಿತು. ಆಗಿನ ಕಾಲಕ್ಕೆ ಅದೇನೂ ಬಡತನವಲ್ಲ ಬಿಡಿ.

ಇನ್ನು ಇಂದಿನ ವ್ಯವಸ್ಥೆಯನ್ನು ಸ್ವಲ್ಪ ನೋಡೋಣ. ನಮ್ಮ ಧರ್ಮಕ್ಷೇತ್ರಕ್ಕೆ ಹೋಲಿಸಿದರೆ ಕೆಲವು ವ್ಯತ್ಯಾಸಗಳು ಕುತೂಹಲಕರ. 1882ರಲ್ಲಿ ನ್ಯೂಕಾಸಲ್ ಬೇರೆಯಾದ ಮೇಲೆ ಡರ್ಹಾಮ್ ಧರ್ಮಕ್ಷೇತ್ರ ಸುಮಾರಾಗಿ ಟೈನ್ ಮತ್ತು ಟೀಸ್ ನದಿಗಳ ನಡುವಿನ ನಾಡು. ಅದು ಯಾರ್ಕ್ ಮಹಾಧರ್ಮಪ್ರಾಂತ್ಯಕ್ಕೆ ಸೇರಿದೆ. ಧರ್ಮಾಧ್ಯಕ್ಷರಿಗೆ ನೆರವಾಗಿ 1906ರಲ್ಲಿ ಆರಂಭವಾದ ಜ್ಯಾರೊ ಸಹಾಯಕ ಧರ್ಮಾಧ್ಯಕ್ಷರ ಹುದ್ದೆಯಿದೆ. ಡರ್ಹಾಮ್, ಆಕ್ಲೆಂಡ್, ಸಂಡರ್ಲೆಂಡ್ ಎಂಬ ಮೂರು ವಿಭಾಗಗಳನ್ನು ಆರ್ಚ್‌ಡೀಕನ್‌ಗಳು ನೋಡಿಕೊಳ್ಳುತ್ತಾರೆ. ಅವುಗಳ ಕೆಳಗೆ ನಮ್ಮ ವಲಯಗಳಂಥ ಡೀನರಿಗಳು, ಅದರ ಕೆಳಗೆ ಧರ್ಮಕೇಂದ್ರಗಳು. ಪ್ರಧಾನಾಲಯ ಮಾತ್ರ ಧರ್ಮಾಧ್ಯಕ್ಷರ ನೇರ ಕೈಯಲ್ಲಿಲ್ಲ! ಅದರ ಆಡಳಿತ ಡೀನ್ ಮತ್ತು ಅವರ ಮಂಡಳಿಯದು. ಅಲ್ಲಿ ಧರ್ಮಾಧ್ಯಕ್ಷರಿಗೆ ಪೀಠವಿದೆ, ಗೌರವವಿದೆ, ಬೀಗದ ಕೈ ಇಲ್ಲ. ಧರ್ಮಕ್ಷೇತ್ರದ ಸಿನಡ್‌ನಲ್ಲಿ ಧರ್ಮಾಧ್ಯಕ್ಷರು, ಗುರುಗಳು, ಶ್ರೀಸಾಮಾನ್ಯರು ಎಂಬ ಮೂರು ಸದನಗಳಿವೆ. ಪ್ರತಿ ಧರ್ಮಕೇಂದ್ರದಲ್ಲೂ ಜನರೇ ಆರಿಸುವ ಪಾಲನಾ ಸಮಿತಿ ಮತ್ತು ಚರ್ಚ್‌ವಾರ್ಡನ್‌ಗಳು ಲೆಕ್ಕಪತ್ರಕ್ಕೂ ಕಟ್ಟಡಕ್ಕೂ ಕಾನೂನಿನ ಪ್ರಕಾರ ಹೊಣೆ.

ಹೊಸ ಧರ್ಮಾಧ್ಯಕ್ಷರ ಹೆಸರನ್ನು ಒಂದು ಆಯೋಗ ಸೂಚಿಸಿ, ಪ್ರಧಾನಮಂತ್ರಿಯ ಮೂಲಕ ಅರಸನಿಗೆ ಕಳುಹಿಸುತ್ತದೆ. ಅರಸ ಒಪ್ಪಿದ ಹೆಸರನ್ನು ಕ್ಯಾನನ್‌ಗಳ ಮಂಡಳಿ 'ಚುನಾಯಿಸುತ್ತದೆ'. ಒಂದೇ ಹೆಸರಿರುವ ಚುನಾವಣೆ! 2014ರಿಂದ ಮಹಿಳೆಯರೂ ಆಂಗ್ಲಿಕನ್ ಧರ್ಮಾಧ್ಯಕ್ಷರಾಗಲು ಇಂಗ್ಲೆಂಡಿನಲ್ಲಿ ಅವಕಾಶವಾಗಿದೆ. ಹಳೆಯ ವೈಭವದ ನೆರಳೊಂದು ಮಾತ್ರ ಉಳಿದಿದೆ: ಪಟ್ಟಾಭಿಷೇಕದ ದಿನ ಅರಸನ ಬಲಗಡೆ ನಿಲ್ಲುವ ಹಕ್ಕು ಡರ್ಹಾಮಿನವರದು. 2023ರ ಮೇ 6ರಂದು ಮೂರನೆಯ ಚಾರ್ಲ್ಸ್‌ರ ಬಲಗಡೆ ನಿಂತಿದ್ದವರು ಧರ್ಮಾಧ್ಯಕ್ಷ ಪಾಲ್ ಬಟ್ಲರ್. ಅವರು 2024ರಲ್ಲಿ ನಿವೃತ್ತರಾದರು.

ಈ ಧರ್ಮಕ್ಷೇತ್ರದ ನೆಲದಡಿಯಲ್ಲಿ ಕಲ್ಲಿದ್ದಲಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಗಣಿಗೊಂದು ಊರು ಹುಟ್ಟಿತು. 1890ರಲ್ಲಿ ಪೀಠವೇರಿದ ಬ್ರೂಕ್ ಫಾಸ್ ವೆಸ್ಟ್‌ಕಾಟ್ ಕೇಂಬ್ರಿಜ್ಜಿನ ದೊಡ್ಡ ವಿದ್ವಾಂಸರು, ಹಾರ್ಟ್ ಎಂಬವರೊಂದಿಗೆ ಗ್ರೀಕ್ ಹೊಸ ಒಡಂಬಡಿಕೆಯ ಪಾಠವನ್ನು ಪರಿಷ್ಕರಿಸಿ 1881ರಲ್ಲಿ ಪ್ರಕಟಿಸಿದವರು. ಪುಸ್ತಕದ ಹುಳುವಿಗೆ ಗಣಿಯ ಕಷ್ಟವೇನು ಗೊತ್ತು ಎಂದು ಜನ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. 1892ರ ಮಾರ್ಚಿನಲ್ಲಿ ಮಾಲೀಕರು ಕೂಲಿ ಕಡಿತಗೊಳಿಸಹೊರಟಾಗ ಹತ್ತಾರು ಸಾವಿರ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮೂರು ತಿಂಗಳು ಒಲೆಗಳು ಉರಿಯಲಿಲ್ಲ. ಜೂನ್ 1ರಂದು ವೆಸ್ಟ್‌ಕಾಟ್ ಎರಡೂ ಕಡೆಯವರನ್ನು ತಮ್ಮ ನಿವಾಸವಾದ ಆಕ್ಲೆಂಡ್ ಅರಮನೆಗೆ ಕರೆದು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಅತ್ತಿಂದಿತ್ತ ಓಡಾಡಿ ಮಾತನಾಡಿದರು. ಮಾಲೀಕರು ಪಟ್ಟುಹಿಡಿದದ್ದಕ್ಕಿಂತ ಕಡಿಮೆ, ಶೇಕಡ 10ರಷ್ಟು ಕಡಿತಕ್ಕೆ ಒಪ್ಪಂದವಾಯಿತು. ಕಾರ್ಮಿಕರಿಗೆ ಅದು ಗೆಲುವೇನಲ್ಲ. ಆದರೂ ಅರಮನೆಯ ಬಾಗಿಲು ತಮಗಾಗಿ ತೆರೆದದ್ದನ್ನು ಅವರು ಮರೆಯಲಿಲ್ಲ. ಇದೇ ಅರಮನೆಯ ಊಟದ ಕೋಣೆಯಲ್ಲಿ ಸ್ಪೇನಿನ ಕಥೋಲಿಕ ಕಲಾವಿದ ಸುರ್ಬರಾನ್ ಬಿಡಿಸಿದ ಯಕೋಬ ಮತ್ತು ಅವನ ಮಕ್ಕಳ ಚಿತ್ರಗಳು 1756ರಿಂದ ಇವೆ. ಅವುಗಳನ್ನು ಮಾರುವ ಮಾತು ಬಂದಾಗ ದಾನಿಯೊಬ್ಬರು ಹಣಕೊಟ್ಟು ಉಳಿಸಿದರು. 2012ರಲ್ಲಿ ಅರಮನೆ ಒಂದು ಟ್ರಸ್ಟಿಗೆ ಸೇರಿ ಧರ್ಮಾಧ್ಯಕ್ಷರು ಬೇರೆ ಮನೆಗೆ ಹೋದರು.

ವೆಸ್ಟ್‌ಕಾಟರ ಹಲವು ಪುತ್ರರು ಭಾರತಕ್ಕೆ ಬಂದರು. ಜಾರ್ಜ್ ಲಖನೌ ಧರ್ಮಾಧ್ಯಕ್ಷರಾದರೆ, ಫಾಸ್ 1919ರಿಂದ 1945ರವರೆಗೆ ಕಲ್ಕತ್ತಾದ ಧರ್ಮಾಧ್ಯಕ್ಷರಾಗಿ ಇಡೀ ಭಾರತದ ಆಂಗ್ಲಿಕನ್ ಸಭೆಯ ಮುಖ್ಯಸ್ಥರಾಗಿದ್ದರು. ಆಗ ಮದರಾಸು ಧರ್ಮಕ್ಷೇತ್ರಕ್ಕೆ ಸೇರಿದ್ದ ಬೆಂಗಳೂರಿನ ಆಂಗ್ಲಿಕನ್ ದೇವಾಲಯಗಳಿಗೂ ಅವರೇ ಹಿರಿಯರು. 1947ರ ಸೆಪ್ಟೆಂಬರ್ 27ರಂದು ಇವು ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು.

ಭಾರತದ ನಂಟಿನ ಇನ್ನೊಬ್ಬರ ಪಾಡು ಬೇರೆಯೇ ಆಯಿತು. ಕಲ್ಕತ್ತಾದ ಧರ್ಮಾಧ್ಯಕ್ಷರಾಗಿದ್ದ ವೆಲ್ಡನ್ 1918ರಲ್ಲಿ ಡರ್ಹಾಮಿನ ಡೀನ್ ಆದರು. 1925ರ ಗಣಿ ಕಾರ್ಮಿಕರ ಮಹಾಮೇಳದಲ್ಲಿ ಸಿಟ್ಟಿಗೆದ್ದ ಗುಂಪೊಂದು ಅವರನ್ನು ವಿಯರ್ ನದಿಗೆ ನೂಕಲು ಹೊರಟಿತು. ಕೂಲಿ ವಿಚಾರದಲ್ಲಿ ಕಾರ್ಮಿಕರ ವಿರುದ್ಧ ಮಾತನಾಡಿದ್ದ ಧರ್ಮಾಧ್ಯಕ್ಷ ಹೆನ್ಸನ್ ಇವರೇ ಎಂದು ಜನ ತಪ್ಪು ತಿಳಿದರೆಂಬುದು ಸಾಮಾನ್ಯವಾಗಿ ಹೇಳುವ ಮಾತು. ಪೊಲೀಸರ ನೆರವಿನಿಂದ ವೆಲ್ಡನ್ ಹೇಗೋ ಪಾರಾದರು.

ಡರ್ಹಾಮ್ ಸೀಮೆಯ ಕೊನೆಯ ಆಳದ ಗಣಿ 1993ರಲ್ಲಿ ಮುಚ್ಚಿತು. ಮೇಳ ಮಾತ್ರ ನಿಂತಿಲ್ಲ. ಪ್ರತಿ ಜುಲೈಯಲ್ಲಿ ಗಣಿಯೂರುಗಳ ಜನ ವಾದ್ಯಗಳೊಂದಿಗೆ ತಮ್ಮ ತಮ್ಮ ಊರಿನ ರೇಷ್ಮೆ ಪತಾಕೆಗಳನ್ನು ಹೊತ್ತು ಬೀದಿಗಳಲ್ಲಿ ಸಾಗಿ ಪ್ರಧಾನಾಲಯಕ್ಕೆ ಬರುತ್ತಾರೆ. ಹೊಸ ಪತಾಕೆಗಳಿದ್ದರೆ ಅಂದು ಅವುಗಳನ್ನು ಆಶೀರ್ವದಿಸಲಾಗುತ್ತದೆ. ಹಿಂದೆ ಆ ವರ್ಷ ಗಣಿಯಲ್ಲಿ ಯಾರಾದರೂ ಸತ್ತಿದ್ದರೆ, ಆ ಊರಿನ ಪತಾಕೆಯ ಮೇಲೆ ಕಪ್ಪು ಬಟ್ಟೆ ಹೊದಿಸಿ ತರುತ್ತಿದ್ದರು.